ಸಾವಿರದ ಎಂಟುನೂರು ಕೆ.ಜಿ.ಯ ತಗಡು

2025ರ ಮಾರ್ಚ್ 11, ಬೆಳಿಗ್ಗೆ 9 ಗಂಟೆ 40 ನಿಮಿಷ. ಚನ್ನರಾಯಪಟ್ಟಣ ಗ್ರಾಮಾಂತರ ಠಾಣೆಗೆ ದೂರು ತಂದವಳು ಬಾಗೂರಿನ ಸಿಂಧು, ವಯಸ್ಸು ಇಪ್ಪತ್ತಾರು. ಅವಳ ತಾಯಿ ಹೊನ್ನಕ್ಕ ಡೇರಿಗೆ ಹಾಲು ಹಾಕಿ ರಸ್ತೆಯ ಅಂಚಿನಲ್ಲಿ ಮನೆಗೆ ನಡೆದು ಬರುತ್ತಿದ್ದರು. 7.10ರ ಸುಮಾರಿಗೆ ಜೀಪೊಂದು ಎಳೆದುಕೊಂಡು ಹೋಗುತ್ತಿದ್ದ ಕ್ಯಾರವಾನ್ ಮಗುಚಿ ಅವರ ಮೇಲೆ ಬಿದ್ದಿತ್ತು. ಒಳಗೆ ಮಂಚ, ಅಡುಗೆ ಕಟ್ಟೆ, ಬಚ್ಚಲು ಎಲ್ಲ ಇರುವ, ಪ್ರವಾಸಿಗರು ಮಲಗುವ ಟ್ರೈಲರ್ ಅದು. ಹೊನ್ನಕ್ಕ ಆಸ್ಪತ್ರೆ ಮುಟ್ಟಲಿಲ್ಲ.

ಅಪಘಾತದ ದೂರುಗಳಲ್ಲಿ ನೂರಕ್ಕೆ ತೊಂಬತ್ತು ‘ಚಾಲಕನ ಅತಿವೇಗ ಮತ್ತು ಅಜಾಗರೂಕತೆ’ ಎಂದೇ ಮುಗಿಯುತ್ತವೆ. ಬರೆದು ಬರೆದು ಠಾಣೆಯವರ ಕೈಗೆ ಅದು ಎಷ್ಟು ರೂಢಿಯಾಗಿದೆಯೆಂದರೆ, ದೂರುದಾರರು ಬಾಯಿ ತೆರೆಯುವ ಮೊದಲೇ ಅರ್ಧ ಸಾಲು ಹಾಳೆಯ ಮೇಲಿರುತ್ತದೆ. ಹೆಡ್ ಕಾನ್‌ಸ್ಟೆಬಲ್ ತಿಮ್ಮಪ್ಪ ಈ ಸಲವೂ ಹಾಗೇ ಬರೆದರು. ಜೀಪಿನ ಚಾಲಕ, ದುದ್ದದ ಧರ್ಮೇಂದ್ರನ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಮತ್ತು 106(1)ರ ಅಡಿ ಎಫ್‌ಐಆರ್ ದಾಖಲಾಯಿತು. ಸಾಬೀತಾದರೆ ಐದು ವರ್ಷದವರೆಗೆ ಜೈಲು.

ಧರ್ಮೇಂದ್ರ ಠಾಣೆಯ ಬೆಂಚಿನ ಮೇಲೇ ಕೂತಿದ್ದ. ಇನ್ಸ್‌ಪೆಕ್ಟರ್ ಶಶಿಕಿರಣ್ ಅವನ ಎದುರು ಕುರ್ಚಿ ಎಳೆದುಕೊಂಡರು.

“ಎಷ್ಟು ಸ್ಪೀಡಲ್ಲಿದ್ದೆ?”

“ನಲವತ್ತು, ನಲವತ್ತೈದು ಸಾ.”

“ಕುಡ್ದಿದ್ಯಾ?”

“ದೇವ್ರಾಣೆಗೂ ಇಲ್ಲ ಸಾ. ಟೆಸ್ಟ್ ಮಾಡ್ಸಿ.”

“ಏನಾಯ್ತು ಸರಿಯಾಗಿ ಹೇಳು.”

“ಹಿಂದ್ಗಡೆ ಟಪ್ ಅಂತು ಸಾ. ಆಮ್ಯಾಕೆ ಗಾಡಿ ಎಡಕ್ಕೆ ಎಳ್ಕಂತು. ಕನ್ನಡೀಲಿ ಆ ಯಮ್ಮನ್ನ ನೋಡ್ದೆ. ಅಷ್ಟೇಯ.” ಅವನು ಮುಖ ಮುಚ್ಚಿಕೊಂಡ. “ಸ್ಟೇರಿಂಗ್ ಇಡ್ದಿದ್ದು ನಾನಲ್ವಾ ಸಾ. ನಾನೇ ಸಾಯಿಸ್ದೆ ಅಂತ ಬರ್ಕಳಿ, ಸೈನ್ ಆಕ್ತೀನಿ.”

ತಪ್ಪೊಪ್ಪಿಗೆ ಇಷ್ಟು ಸಲೀಸಾಗಿ ಸಿಕ್ಕರೆ ಬೇಡ ಅನ್ನುವ ಪೊಲೀಸರು ಕಡಿಮೆ. ಶಶಿಕಿರಣ್‌ಗೆ ಮಾತ್ರ ಆ ‘ಟಪ್’ ಮನಸ್ಸಿನಲ್ಲಿ ಉಳಿಯಿತು. ಮೊದಲು ಸದ್ದು, ಆಮೇಲೆ ಎಳೆತ. ಅವರು ಪೆನ್ನು ಮುಚ್ಚಿ, ಠಾಣೆಯ ಜೀಪು ತೆಗೆಯಲು ಹೇಳಿದರು.

11.30ಕ್ಕೆ ಬಾಗೂರಿನ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಟಾರಿನ ಮೇಲೆ ಕಬ್ಬಿಣ ಗೀಚಿದ ಹಸಿ ಗೆರೆ ಇತ್ತು. ಟ್ರೈಲರ್ ಮಗುಚಿದ ಜಾಗಕ್ಕಿಂತ ಹದಿನೆಂಟು ಮೀಟರ್ ಹಿಂದೆಯೇ ಅದು ಶುರುವಾಗಿತ್ತು. ಟ್ರೈಲರಿನ ಎಡ ಚಕ್ರ ಪಕ್ಕದ ತೆಂಗಿನ ತೋಟದಲ್ಲಿ ಬಿದ್ದಿತ್ತು, ಎರಡೂ ಚಕ್ರಗಳನ್ನು ಸೇರಿಸುವ ಉಕ್ಕಿನ ದಂಡದ, ಅಂದರೆ ಆಕ್ಸಲ್ಲಿನ, ಮುರಿದ ತುದಿ ಅದರೊಳಗೇ ಸಿಕ್ಕಿಕೊಂಡಿತ್ತು. ಅಂದರೆ ಮಗುಚಿದ್ದರಿಂದ ಆಕ್ಸಲ್ ಮುರಿದದ್ದಲ್ಲ, ಆಕ್ಸಲ್ ಮುರಿದದ್ದರಿಂದ ಟ್ರೈಲರ್ ಮಗುಚಿತ್ತು.

ಮಾರನೆಯ ದಿನ ಮೋಟಾರು ವಾಹನ ನಿರೀಕ್ಷಕರು ಬಂದು ಟ್ರೈಲರನ್ನು ಲಾರಿ ತೂಗುವ ವೇಬ್ರಿಡ್ಜಿಗೆ ಹಾಕಿಸಿದರು. ನೀರಿನ ಟ್ಯಾಂಕ್ ತುಂಬಿಸಿ ನೋಡಿದಾಗ 1,760 ಕೆ.ಜಿ. ಬಂತು. ಆಕ್ಸಲ್ಲಿಗೆ ರಿವೆಟ್ ಹೊಡೆದಿದ್ದ ತಗಡಿನ ಮೇಲೆ, ಅದು ಹೊರಬಹುದಾದ ಗರಿಷ್ಠ ಭಾರ 1,800 ಕೆ.ಜಿ. ಎಂದಿತ್ತು.

“ಹಂಗಾದ್ರೆ ಭಾರ ಮಿತಿಯೊಳಗೇ ಇದೆಯಲ್ಲ ಸರ್,” ಎಂದರು ತಿಮ್ಮಪ್ಪ.

ನಿರೀಕ್ಷಕರು ಆಕ್ಸಲ್ಲಿನ ಮೇಲಿನ ಕರಿ ಬಣ್ಣವನ್ನು ಕೆರೆದರು. ಕೆಳಗೆ ತಯಾರಕರ ಕ್ರಮಸಂಖ್ಯೆ ಕಾಣಿಸಿತು. ಅದನ್ನು ಕಂಪನಿಗೆ ಕಳಿಸಿದ ಅರ್ಧ ಗಂಟೆಗೆ ಇ-ಮೇಲ್ ಬಂತು: ಆ ಆಕ್ಸಲ್ಲಿನ ಮಿತಿ 1,300 ಕೆ.ಜಿ. ಮಾತ್ರ.

“ಇನ್ನೊಂದು ನೋಡಿ,” ನಿರೀಕ್ಷಕರು ಚಕ್ರದ ಮೇಲೆ, ಒಂದರ ಮೇಲೊಂದು ಉಕ್ಕಿನ ಪಟ್ಟಿ ಜೋಡಿಸಿದ ಸ್ಪ್ರಿಂಗಿನ ಕಟ್ಟು ತೋರಿಸಿದರು. “ಇದಕ್ಕೆ ಐದು ಬ್ಲೇಡ್ ಇರಬೇಕು. ಏಳಿದೆ. ಮೇಲಿಂದ ಸೇರಿಸಿದ ಎರಡೂ ಟ್ರಾಕ್ಟರ್ ಟ್ರೈಲರಿನವು.”

ಈ ಸೀಮೆಯಲ್ಲಿ ಅದೊಂದು ರೂಢಿ. ಕಬ್ಬೋ ಜಲ್ಲಿಯೋ ಹೇರಿ ಟ್ರಾಕ್ಟರಿನ ಟ್ರೈಲರ್ ಕುಗ್ಗಿತೋ, ಶೆಡ್ಡಿಗೆ ಒಯ್ದು ಇನ್ನೊಂದು ಬ್ಲೇಡ್ ಸೇರಿಸುತ್ತಾರೆ. ಗಾಡಿ ಮತ್ತೆ ಎದೆ ಎತ್ತಿ ನಿಲ್ಲುತ್ತದೆ, ನೋಡಿದವರು ಭಾರ ತಡೆಯಿತು ಅಂದುಕೊಳ್ಳುತ್ತಾರೆ. ಸ್ಪ್ರಿಂಗ್ ತಡೆದರೂ ಕೆಳಗಿನ ಆಕ್ಸಲ್ ತಡೆಯಬೇಕಲ್ಲ! ಟ್ರಾಕ್ಟರಿನ ಆಕ್ಸಲ್ ದಪ್ಪ, ಓಟ ನಿಧಾನ, ಹೇಗೋ ನಡೆದುಹೋಗುತ್ತದೆ. ಕ್ಯಾರವಾನಿನ ಹಗುರ ಆಕ್ಸಲ್ಲಿಗೆ ಅದು ನಡೆಯಲಿಲ್ಲ. ಕುಗ್ಗಿದ್ದರೆ ಯಾರಾದರೂ ನೋಡಿ ಎಚ್ಚರಿಸುತ್ತಿದ್ದರು. ಕುಗ್ಗದ ಹಾಗೆ ಮಾಡಿಟ್ಟಿದ್ದರು.

ಕ್ಯಾರವಾನಿನ ಮಾಲೀಕ ಹಾಸನದ ಹರ್ಷವರ್ಧನ್ 13ರಂದು ಹೇಳಿಕೆ ಕೊಟ್ಟ. ಕಟ್ಟಿದ್ದು ಹೊಳೆನರಸೀಪುರದ ಈಶ್ವರಯ್ಯ. ಕೆಲಸ ಅರ್ಧವಾದ ಮೇಲೆ ಗ್ರಾನೈಟ್ ಕಟ್ಟೆ, ಇನ್ನೂರು ಲೀಟರ್ ಟ್ಯಾಂಕು, ಎರಡು ದೊಡ್ಡ ಬ್ಯಾಟರಿ, ಎ.ಸಿ. ಬೇಕೆಂದು ತಾನು ಕೇಳಿದ್ದು ನಿಜ ಎಂದ.

“ಭಾರ ಜಾಸ್ತಿ ಆಗುತ್ತೆ ಅಂತ ಅವರು ಹೇಳ್ಲಿಲ್ವಾ?” ಶಶಿಕಿರಣ್ ಕೇಳಿದರು.

“ನಾನೇ ಕೇಳ್ದೆ ಸರ್. ‘ನಿಮ್ಗ್ಯಾಕೆ ಚಿಂತೆ, ಬಿಡಿ ಸ್ವಾಮಿ’ ಅಂದ್ರು. ತಗಡಿನ ಫೋಟೋನೂ ಕಳ್ಸಿದ್ರು.”

14ರ ಬೆಳಿಗ್ಗೆ 10.15ಕ್ಕೆ ಪೊಲೀಸರು ಹೊಳೆನರಸೀಪುರದ ಶೆಡ್ಡಿಗೆ ಹೋದರು. ಈಶ್ವರಯ್ಯನಿಗೆ ಅರವತ್ತೊಂದು, ಹಣೆಯಲ್ಲಿ ವಿಭೂತಿ, ಮುಂಗೈ ತುಂಬ ವೆಲ್ಡಿಂಗಿನ ಕಿಡಿ ಸುಟ್ಟ ಕಲೆ. ಅರಕಲಗೂಡಿನ ಹೊಗೆಸೊಪ್ಪಿನ ಗಾಡಿಗಳೂ ಇಲ್ಲಿ ಕಟ್ಟಿದವೇ, ಹಾಸನದ ಮಾರುಕಟ್ಟೆಗೆ ಬರುವ ತರಕಾರಿ ಗಾಡಿಗಳೂ ಇಲ್ಲಿಯವೇ. ಆತ ಪೊಲೀಸರಿಗೆ ಕುರ್ಚಿ ಹಾಕಿಸಿ, ಕಾಫಿ ತರಿಸಲು ಹೊರಟ.

“ಕಾಫಿ ಬೇಡ ಈಶ್ವರಯ್ಯನೋರೆ. ಆಕ್ಸಲ್ಲಿಗೆ ತಗಡು ಹೊಡ್ದಿದ್ದು ಯಾರು?” ಎಂದು ಶಶಿಕಿರಣ್ ಕೇಳಿದರು.

“ಕಂಪ್ನಿಯೋರು ಸಾ. ಬಂದಂಗೇ ಕೂರ್ಸಿದೀನಿ.”

“ಬ್ಲೇಡು?”

“ಅದು ನಾನೇಯ. ಎಲ್ರೂ ಆಕ್ತಾರಲ್ಲ ಸಾ.”

ಅತ್ತ ತಿಮ್ಮಪ್ಪ ಶೆಡ್ಡಿನಲ್ಲಿ ಕೆಲಸ ಮುಗಿದು ನಿಂತಿದ್ದ ಟ್ರಾಕ್ಟರ್ ಟ್ರೈಲರೊಂದರ ಮುಂದೆ ಕುಕ್ಕುರುಗಾಲಲ್ಲಿ ಕೂತು, ಅದರ ಮೇಲೆ ಒತ್ತಿದ್ದ ನಂಬರನ್ನೇ ನೋಡುತ್ತಿದ್ದರು. ಜೇಬಿನಿಂದ ಫೋನ್ ತೆಗೆದು, ಅಪಘಾತದ ತಗಡಿನ ಫೋಟೋ ದೊಡ್ಡದು ಮಾಡಿದರು. “ಸರ್, ಸ್ವಲ್ಪ ಬನ್ನಿ ಇಲ್ಲಿ.”

ಟ್ರೈಲರಿನ ನಂಬರಿನಲ್ಲಿದ್ದ ‘8’ರ ಮೇಲಿನ ಸೊನ್ನೆ ಬಲಗಡೆ ಚೂರು ತುಂಡಾಗಿತ್ತು. ತಗಡಿನ 1,800ರಲ್ಲಿದ್ದ ‘8’ ಕೂಡ ಅದೇ ಜಾಗದಲ್ಲಿ ಹಾಗೇ ತುಂಡಾಗಿತ್ತು. ಅಂಕಿ ಒತ್ತುವ ಉಕ್ಕಿನ ಪಂಚುಗಳ ಡಬ್ಬ ಮೇಜಿನ ಮೇಲೇ ಇತ್ತು. ಶಶಿಕಿರಣ್ ಎಂಟರ ಪಂಚನ್ನು ಎತ್ತಿ ಬೆಳಕಿಗೆ ಹಿಡಿದರು, ಅದರ ಅಂಚು ಒಡೆದಿತ್ತು. ಪಂಚರನ್ನು ಕರೆಸಿ ಡಬ್ಬವನ್ನು ಜಪ್ತಿ ಮಾಡಿ, ಅರಗಿನ ಮೊಹರು ಹಾಕಿದರು. ಕೊನೆಗೆ ಈಶ್ವರಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಕೈ ಒರೆಸಿಕೊಂಡ.

“ಆ ಡ್ರೈವರ್ ಉಡ್ಗನ್ನ ಬಿಟ್ಬುಡಿ ಸಾ,” ಎಂದ. “ತಗಡು ಮಾಡ್ದೋನು ನಾನು.”

12.05ಕ್ಕೆ ದಸ್ತಗಿರಿ ದಾಖಲಾಯಿತು. ನಕಲಿ ಗುರುತು ಸೃಷ್ಟಿ ಮತ್ತು ಕೊಲೆಯಲ್ಲದ ಮಾನವಹತ್ಯೆಯ ಕಲಂಗಳನ್ನು ಸೇರಿಸಲು ನ್ಯಾಯಾಲಯಕ್ಕೆ ಮನವಿ ಹೋಯಿತು. ಠಾಣೆ ತಲುಪಿದ ಮೇಲೆ ಶಶಿಕಿರಣ್ ಕೇಳಿದರು, “ಮುರಿಯುತ್ತೆ ಅಂತ ಗೊತ್ತಿತ್ತಾ?”

“ಭಾರ ಜಾಸ್ತಿ ಆಯ್ತು ಅಂತ ಗೊತ್ತಿತ್ತು. ಮುರಿಯಾಕಿಲ್ಲ ಅಂದ್ಕಂಡೆ.”

“ದಪ್ಪ ಆಕ್ಸಲ್ ತರಿಸ್ಬೋದಿತ್ತು. ಇಲ್ಲಾ ಹರ್ಷವರ್ಧನ್‌ಗೆ ಒಂದು ಮಾತು ಹೇಳ್ಬೋದಿತ್ತು, ಗ್ರಾನೈಟ್ ಆಗಲ್ಲ ಅಂತ.”

“ಮೂವತ್ತೆಂಟು ವರ್ಸ ಆಯ್ತು ಸಾ ಶೆಡ್ ಆಕಿ. ಯಾರು ಏನ್ ತಂದ್ರೂ ಆಯ್ತದೆ ಅಂತ್ಲೇ ಅಂದಿದೀನಿ. ಬೇರೆ ಕಡೆ ಆಗದ್ದು ಈಶ್ವರಯ್ಯನ ತಾವ ಆಯ್ತದೆ ಅಂತ ಜನ ಅನ್ನೋರು. ಆವಯ್ಯ ಒಂದೊಂದೇ ಕೇಳ್ತಾ ಓದ್ರು. ಆಗಾಕಿಲ್ಲ ಅನ್ನೋ ಮಾತು ಬಾಯಿಗೆ ಬರ್ನಿಲ್ಲ ಸಾ.”

ಹೆಮ್ಮೆಗೆ ಯಾವ ಕಲಮೂ ಇಲ್ಲ. ಶಶಿಕಿರಣ್ ಅದನ್ನು ಹೇಳಿಕೆಯಲ್ಲಿ ಅವನ ಮಾತಿನಲ್ಲೇ ಬರೆಸಿದರು.

ಸಂಜೆ ಧರ್ಮೇಂದ್ರನನ್ನು ಕರೆಸಿ, ಅವನು ಇನ್ನು ಆರೋಪಿಯಲ್ಲ, ಸಾಕ್ಷಿ ಎಂದು ತಿಳಿಸಿದರು. ತಾಯಿಯ ಮರಣೋತ್ತರ ಪರೀಕ್ಷೆಯ ಪ್ರತಿ ತೆಗೆದುಕೊಳ್ಳಲು ಬಂದಿದ್ದ ಸಿಂಧು ಅಲ್ಲೇ ಬಾಗಿಲ ಬಳಿ ನಿಂತಿದ್ದಳು. ಧರ್ಮೇಂದ್ರ ಇನ್ಸ್‌ಪೆಕ್ಟರ್ ಕಡೆ ನೋಡಲೇ ಇಲ್ಲ, ಅವಳ ಕಡೆ ತಿರುಗಿದ.

“ನಾನು ಸಾಯಿಸ್ನಿಲ್ವಂತೆ ಕಣವ್ವ,” ಎಂದ. “ಆದ್ರೂ ಕನ್ನಡೀಲಿ ನಿಮ್ಮವ್ವನೇ ಕಾಣ್ತಾರೆ.”

ಸಿಂಧು ಬೆಂಚಿನ ಮೇಲೆ ಅವನ ಪಕ್ಕ ಬಂದು ಕೂತಳು. ಇಬ್ಬರೂ ಅತ್ತರು.