ಜಪಮಾಲೆಯ ಉಳಿದರ್ಧ

ಈ ಚರ್ಚಿನಲ್ಲಿ ಆದ ಮದುವೆಗಳೆಲ್ಲ ಮೊದಲು ಕುದುರಿದ್ದು ನನ್ನ ಬೆನ್ನ ಹಿಂದೆ! ಕಟ್ಟಕಡೆಯ ಬೆಂಚಿನ ಮುಂದಿನ ಬೆಂಚು ನನ್ನದು. ಹಿಂದೆ ಸೂಜಿ ಬಿದ್ದರೆ, ಚೂಪು ಕಡೆಯಿಂದ ಬಿತ್ತೋ ತೂತಿನ ಕಡೆಯಿಂದ ಬಿತ್ತೋ ಅಂತ ತಿರುಗದೇ ಹೇಳಬಲ್ಲೆ.

ಸರಿ ಸರಿ... ಇದರಲ್ಲಿ ಅರ್ಧ ಸುಳ್ಳು. ನನ್ನ ಒಂದು ಕಿವಿ ಯಾವಾಗಲೋ ಕೈಕೊಟ್ಟಿದೆ. ಆದರೆ ಉಳಿದ ಕಿವಿ ಎರಡರ ಕೆಲಸ ಮಾಡುತ್ತದೆ. ಈ ಕಥೆ ಆ ಕಿವಿಯದು.

ಆ ಭಾನುವಾರ ಪೂಜೆ ಶುರುವಾಗಿ, ಬೈಬಲಿನ ಮೊದಲ ವಾಚನ ನಡೆಯುತ್ತಿತ್ತು. ಏದುಸಿರು ಬಿಡುತ್ತಾ ಒಬ್ಬ ಗಂಡಸು ಒಳಗೆ ನುಗ್ಗಿ, ಕೊನೆಯ ಬೆಂಚಿನ ತುದಿಯಲ್ಲಿ ಕೂರಲು ಹೊರಟ.

"ಏಯ್, ಕೂರಬೇಡಿ! ಅದು ನಮ್ಮಮ್ಮನ ಜಾಗ!"

ಪಿಸುಗುಟ್ಟಿದವಳು ಹೊಲಿಗೆಯವಳು. ಮೂವತ್ತು ದಾಟಿದ ಹೆಣ್ಣು. ತೆಳ್ಳಗಿದ್ದಳು, ನಾಲಿಗೆಯೂ ಚೂಪು. ಅದಕ್ಕೇ ಎಲ್ಲರೂ ಅವಳನ್ನು ಸೂಜಿ ಎನ್ನುತ್ತಿದ್ದರು. ಆ ಜಾಗದಲ್ಲಿ ಅವಳು ಅಮ್ಮನ ಹಳೆಯ ಪ್ರಾರ್ಥನೆ ಪುಸ್ತಕವನ್ನು ಇಟ್ಟಿದ್ದಳು.

ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟು, ಕೂತೇಬಿಟ್ಟ. "ಅಮ್ಮ ಬಂದ ತಕ್ಷಣ ಎದ್ದು ಹೋಗ್ತೀನಿ ಬಿಡಿ. ಎಲ್ಲಿದಾರೆ?"

"ಮಣ್ಣು ಮಾಡಿ ಬಂದಿದೀವಿ."

ಅವನು ಬೆಂಕಿ ತಗುಲಿದವನಂತೆ ದಡಕ್ಕನೆ ಎದ್ದು ನಿಂತ! ಬೆಂಚು ಕಿರ್ರೆಂದಿತು. ಎದ್ದು ನಿಂತು ಕೇಳಬೇಕಾದ ಶುಭಸಂದೇಶದ ಹೊತ್ತಾಯಿತೆಂದುಕೊಂಡು ಪಕ್ಕದ ಸಾಲಿನವರು ಎದ್ದರು. ಅವರನ್ನು ನೋಡಿ ಮುಂದಿನವರು, ಅವರನ್ನು ನೋಡಿ ಇನ್ನೂ ಮುಂದಿನವರು... ಇಡೀ ಚರ್ಚೇ ಎದ್ದು ನಿಂತಿತು! ವಾಚನ ಓದುತ್ತಿದ್ದ ಮೇಷ್ಟ್ರು ಬಾಯಿ ತೆರೆದು ನಿಂತುಬಿಟ್ಟರು.

ಸೂಜಿಗೆ ನಗು ತಡೆಯಲಾಗಲಿಲ್ಲ. ಅಮ್ಮ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

"ಕೂತ್ಕೊಳ್ರೀ, ಪುಣ್ಯಾತ್ಮರೇ..." ಎಂದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು.

ಅವನು ವೃದ್ಧರ ಆಶ್ರಮಕ್ಕೆ ಹೊಸದಾಗಿ ಬಂದ ಅಡುಗೆಯವನು. ಅಲ್ಲಿನ ಮುದುಕರು ಅವನಿಗೆ ಸೌಟಪ್ಪ ಎಂದು ಹೆಸರಿಟ್ಟಿದ್ದರು.

ಪೂಜೆಯ ನಡುವೆ ಗುರುಗಳು ಒಬ್ಬರಿಗೊಬ್ಬರು ಶಾಂತಿ ಕೋರಿ ಎಂದಾಗ ಅವನು ಅವಳತ್ತ ಕೈ ಚಾಚಿದ. "ಶಾಂತಿ ನಿಮ್ಮೊಂದಿಗಿರಲಿ."

ಬೆಚ್ಚಗಿನ, ಒರಟು ಕೈ. ಈರುಳ್ಳಿಯ ವಾಸನೆ.

ಮನೆಗೆ ಹೋದ ಮೇಲೂ ಅವಳ ಅಂಗೈಯಲ್ಲಿ ಆ ಬಿಸಿ ಹಾಗೇ ಇತ್ತು.

ಮನೆ ಎಂದರೇನು? ಒಂದು ಕೋಣೆ, ಒಂದು ಹೊಲಿಗೆ ಮೆಷಿನ್, ತೊಳೆದಿಡಲು ಒಂದೇ ತಟ್ಟೆ. ಮೆಷಿನ್ ನಿಂತರೆ ಮನೆಯ ಉಸಿರೇ ನಿಂತ ಹಾಗೆ. ಸಂಜೆಗಳು ಇನ್ನೂ ಕಷ್ಟ. ಅಮ್ಮ ಇದ್ದಾಗ ಜಪಮಾಲೆಯ ಪ್ರತಿ ಮಣಿಗೂ ಅಮ್ಮ "ನಮೋ ಮರಿಯಾ" ಎಂದು ಅರ್ಧ ಹೇಳಿದರೆ, ಮಗಳು "ಸಂತ ಮರಿಯಾ" ಎಂದು ಉಳಿದರ್ಧ ಹೇಳುತ್ತಿದ್ದಳು. ಈಗ ಎರಡೂ ಅರ್ಧ ಅವಳದೇ. ಮೊದಲರ್ಧ ಹೇಳಿ ಒಂದು ಕ್ಷಣ ಸುಮ್ಮನಾಗುತ್ತಿದ್ದಳು... ಯಾರಾದರೂ ಹೇಳಿಯಾರು ಎನ್ನುವಂತೆ. ಗೋಡೆ ಗಡಿಯಾರ ಟಿಕ್ ಎನ್ನುತ್ತಿತ್ತು. ಆಮೇಲೆ ಉಳಿದರ್ಧವನ್ನೂ ತಾನೇ ಹೇಳುತ್ತಿದ್ದಳು.

'ದೇವರೇ, ನೀನಿದ್ದೀಯ, ಗೊತ್ತು. ಆದರೆ ನೀನು ಕೆಮ್ಮೋದೂ ಇಲ್ಲ, ಆಕಳಿಸೋದೂ ಇಲ್ಲ. ಮನೇಲಿ ಇದ್ದೀಯ ಅಂತ ತಿಳಿಯೋದು ಹೇಗೆ ಹೇಳು?'

ವಾರವಿಡೀ ಅವಳನ್ನು ಮುಟ್ಟುವ ಜೀವ ಇರಲಿಲ್ಲ, ಭಾನುವಾರದ ಆ ಒಂದು ಕೈ ಬಿಟ್ಟರೆ. ಅವಳು ಭಾನುವಾರಕ್ಕೆ ಕಾಯತೊಡಗಿದಳು.

ಆದರೆ ಅವನದೊಂದು ವಿಚಿತ್ರವಿತ್ತು. ಗುರುಗಳ ಕೈಯಿಂದ ಪರಮಪ್ರಸಾದ ಸ್ವೀಕರಿಸಲು ಎಲ್ಲರೂ ಎದ್ದು ಸಾಲಾಗಿ ಹೋದರೆ, ಅವನು ಮೊಣಕಾಲು ಓರೆ ಮಾಡಿ ಅವಳಿಗೆ ದಾರಿ ಬಿಟ್ಟು, ತಲೆ ತಗ್ಗಿಸಿ ಅಲ್ಲೇ ಕೂರುತ್ತಿದ್ದ. ಒಂದು ವಾರ ಅಲ್ಲ, ಪ್ರತಿ ವಾರ!

ದೊಡ್ಡ ಪಾಪ ಹೊತ್ತವರು ಪ್ರಸಾದ ತೆಗೆದುಕೊಳ್ಳುವಂತಿಲ್ಲ. ಆದರೆ ಯಾಕೆ ಹೋಗಲಿಲ್ಲ ಅಂತ ನಮ್ಮಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಅದು ಅವರಿಗೂ ದೇವರಿಗೂ ಬಿಟ್ಟ ವಿಷಯ. ಬಾಯಿ ಕೇಳುವುದಿಲ್ಲ, ಸರಿ. ತಲೆ ಸುಮ್ಮನಿರುತ್ತದೆಯೇ?

ಬಲಿಪೀಠಕ್ಕೆ ಹೂ ಜೋಡಿಸುವ ಅಕ್ಕ ಒಂದು ದಿನ ಸೂಜಿಯನ್ನು ಪಕ್ಕಕ್ಕೆ ಎಳೆದಳು.

"ಅವನಿಗೆ ಎಲ್ಲೋ ಒಬ್ಬಳು ಹೆಂಡತಿ ಇರಬೇಕು ಕಣೇ. ಬಿಟ್ಟು ಬಂದಿದಾನೆ. ಇಲ್ಲದಿದ್ರೆ ಗಟ್ಟಿಮುಟ್ಟಾದ ಗಂಡಸು, ಪೂಜೆಗೆ ಬರ್ತಾನೆ, ಪ್ರಸಾದಕ್ಕೆ ಯಾಕೆ ಹೋಗಲ್ಲ ಹೇಳು?"

"ನಂಗೇನಕ್ಕಾ? ಯಾರ ಹೆಂಡತಿ ಎಲ್ಲಿದ್ರೆ ನಂಗೇನು?"

ಹೇಳಿದ್ದು ಹಾಗೆ. ಅವತ್ತು ಹೊಲಿದ ದಿಂಬಿನ ಚೀಲಕ್ಕೆ ಮಾತ್ರ ನಾಲ್ಕೂ ಕಡೆ ಹೊಲಿಗೆ ಬಿದ್ದು ಬಾಯಿಯೇ ಇರಲಿಲ್ಲ!

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ, ಅಂಗಳದ ನಲ್ಲಿಯ ಹತ್ತಿರ ಅವನು ಅವಳನ್ನು ತಡೆದ. ಕಿವಿಯ ತುದಿಯವರೆಗೂ ಕೆಂಪಾಗಿದ್ದ.

"ನನಗೆ ಹಿಂದೆ ಮುಂದೆ ಯಾರೂ ಇಲ್ಲ... ಮಾತಾಡೋಕೂ ಬರಲ್ಲ. ನೀವು ಒಪ್ಪಿದ್ರೆ... ಗುರುಗಳ ಹತ್ರ ಮದುವೆ ಮಾತು ಆಡ್ಲಾ?"

ಎಷ್ಟು ಸಂಜೆ ಕಾದಿದ್ದಳು ಇಂಥ ಒಂದು ಮಾತಿಗೆ!

'ಯಾರೂ ಇಲ್ಲವಂತೆ... ಎಂಥ ಸುಳ್ಳು!'

"ಬೇಡ," ಎಂದಳು.

"ಅಡುಗೆಯವನು ಅಂತಾನಾ?"

"ಕಾರಣ ನಿಮಗೇ ಗೊತ್ತು."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ತೋಳನ್ನು ಮೂಗಿನ ಹತ್ತಿರ ತಂದು ಮೂಸಿದ. "ಗೊತ್ತು... ಎಷ್ಟು ಉಜ್ಜಿದ್ರೂ ಹೋಗಲ್ಲ ಈ ಈರುಳ್ಳಿ," ಎಂದು, ನಲ್ಲಿಯಲ್ಲಿ ಕೈ ತೊಳೆದು ಹೊರಟುಹೋದ.

ಅದಾದ ಮೇಲೆ ಅವನು ಬೆಂಚಿಗೆ ಬರಲಿಲ್ಲ. ಬಾಗಿಲ ಹತ್ತಿರ ನಿಂತೇ ಪೂಜೆ ಕೇಳಿದ. ಶಾಂತಿ ಕೋರುವ ಹೊತ್ತಿಗೆ ಸೂಜಿಯ ಪಕ್ಕ ಇದ್ದದ್ದು ಅಮ್ಮನ ಪುಸ್ತಕ ಮಾತ್ರ. ಅವಳು ತನ್ನ ಬಲಗೈಯನ್ನು ತನ್ನ ಎಡಗೈಯಲ್ಲೇ ಹಿಡಿದುಕೊಂಡಳು.

ಹೀಗೇ ವಾರಗಳು ಉರುಳಿದವು. ಒಂದು ಶನಿವಾರ ಜ್ವರ ಬಂದು ಮಲಗಿದಳು. ನೀರು ಬೇಕೆಂದರೆ ತಾನೇ ಏಳಬೇಕು. ಅವತ್ತು ಜಪದ ಮೊದಲರ್ಧ ಹೇಳಿದಳು. ಉಳಿದರ್ಧಕ್ಕೆ ಶಕ್ತಿ ಸಾಲದೆ ಹಾಗೇ ನಿದ್ದೆ ಹೋದಳು.

ಬೆಳಗ್ಗೆ ಜ್ವರ ಇಳಿದಿತ್ತು. ವೃದ್ಧರ ಆಶ್ರಮಕ್ಕೆಂದು ಹೊಲಿದ ಹಾಸಿಗೆ ಹೊದಿಕೆಗಳನ್ನು ಶನಿವಾರವೇ ಕೊಡಬೇಕಿತ್ತು. ಪೂಜೆಗೆ ಹೋಗುವ ದಾರಿಯಲ್ಲಿ ಕೊಟ್ಟರಾಯಿತೆಂದು ಗಂಟು ಹೊತ್ತು ಅಲ್ಲಿಗೆ ಹೋದಳು.

ಅಡುಗೆಮನೆಯ ಬಾಗಿಲು ತೆರೆದಿತ್ತು.

ಅವನು ಒಲೆಯ ಮುಂದೆ ನಿಂತಿದ್ದ. ಸಾಲಾಗಿ ಪಾತ್ರೆಗಳು. ಒಂದೊಂದರಿಂದಲೂ ಒಂದು ಚಮಚ ಗಂಜಿ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ನಾಲಿಗೆಯಲ್ಲಿ ತಿರುಗಿಸಿ, ನುಂಗಿ, ಆಮೇಲೆ ತಲೆಯಾಡಿಸುತ್ತಿದ್ದ. "ಇದು ಉಪ್ಪಿಲ್ಲದ್ದು, ಬಿಪಿ ತಾತಂಗೆ. ಇದು ಇನ್ನೂ ಬಿಸಿ ಇದೆ, ತಡೀರಿ..."

ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಒಬ್ಬ ಹಲ್ಲಿಲ್ಲದ ಅಜ್ಜಿ ಕೂತಿದ್ದಳು.

"ಪೂಜೆಗೆ ಹೊತ್ತಾಯ್ತು. ಇವರು ಈಗ ತಿಂತಿದಾರಲ್ಲ ಅಜ್ಜಿ?" ಎಂದಳು ಸೂಜಿ.

"ತಿನ್ನೋದಲ್ಲ ಮಗಾ, ನೋಡೋದು. ಹಿಂದೆ ಇದ್ದ ಅಡುಗೆಯವನು ರುಚಿ ನೋಡದೆ ಕಳಿಸ್ತಿದ್ದ, ನನ್ನ ನಾಲಿಗೆ ಸುಟ್ಟು ಬೊಬ್ಬೆ ಎದ್ದಿತ್ತು. ಈ ಸೌಟಪ್ಪ ತಾನು ಬಾಯಿಗೆ ಹಾಕದೆ ನಮ್ಮ ಬಾಯಿಗೆ ಕೊಡಲ್ಲ. ಭಾನುವಾರ ಬಂದ್ರೆ ಮಾತ್ರ ಪಾಪ ಅನ್ಸುತ್ತೆ. ಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದಲ್ವಾ? ಇರೋದು ಬೆಳಗಿನ ಒಂದೇ ಪೂಜೆ, ಅದೂ ನಮ್ಮ ಗಂಜಿ ಹೊತ್ತಿಗೆ. ನಮ್ಮ ಹೊಟ್ಟೆಗೋಸ್ಕರ ಇವನು ದೇವರ ಪ್ರಸಾದ ಬಿಟ್ಟ..."

ಗಂಟು ಸೂಜಿಯ ಕೈಯಿಂದ ಜಾರಿತು.

'ಅಯ್ಯೋ... ನಾನೆಂಥವಳು! ಇಲ್ಲದ ಹೆಂಡತಿಯನ್ನು ನಾನೇ ಹುಟ್ಟಿಸಿ, ನಾನೇ ಇವರಿಗೆ ಕಟ್ಟಿದೆನಲ್ಲ! ಅದೇ ಮನಸ್ಸಿಟ್ಟುಕೊಂಡು ವಾರ ವಾರ ಪ್ರಸಾದಕ್ಕೂ ನಾಲಿಗೆ ಚಾಚಿದೆನಲ್ಲ!'

ಅವತ್ತು ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಮುಂದೆ ಹೋದರು. ಸೂಜಿ ಬೆಂಚಿನಿಂದ ಎದ್ದು... ಹಿಂದೆ ನಡೆದಳು. ಬಾಗಿಲ ಹತ್ತಿರ, ಅವನ ಪಕ್ಕ ಹೋಗಿ ನಿಂತಳು.

ಅವನು ಗಾಬರಿಯಾದ. ಪೂಜೆ ಮುಗಿದದ್ದೇ, ಯಾರೂ ಕೇಳಬಾರದ ಆ ಪ್ರಶ್ನೆಯನ್ನು ಕೇಳಿಯೇಬಿಟ್ಟ.

"ನೀವ್ಯಾಕೆ ಹೋಗಲಿಲ್ಲ? ಏನಾಯ್ತು?"

"ನಿಮಗೆ ಹೆಂಡತಿ ಇದಾಳೆ ಅಂದ್ಕೊಂಡಿದ್ದೆ," ಎಂದಳು. ಕಣ್ಣಲ್ಲಿ ನೀರು. "ಅದಕ್ಕೇ ಬೇಡ ಅಂದೆ. ಈರುಳ್ಳಿಗಲ್ಲ. ಮೊದಲು ನಿಮ್ಮ ಹತ್ರ ಕ್ಷಮೆ ಕೇಳದೆ ದೇವರ ಹತ್ರ ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಹೆಂಡತೀನಾ? ನನಗಾ?!"

ಹಿಂದಿನಿಂದ ಯಾರೋ ಕೆಮ್ಮಿದರು. ಗುರುಗಳು! ಅವರ ಪಕ್ಕದಲ್ಲಿ... ಹೂಂ, ನಾನೂ ಇದ್ದೆ, ಅಕಸ್ಮಾತ್ತಾಗಿ.

ಸೂಜಿ ಗಂಜಿಯ ವಿಷಯವೆಲ್ಲ ಹೇಳಿದಳು. ಗುರುಗಳು ಹಣೆ ಚಚ್ಚಿಕೊಂಡರು.

"ಅಯ್ಯಾ ಸೌಟಪ್ಪ! ಆ ಒಂದು ಗಂಟೆಯ ನಿಯಮ ಕಾಯಿಲೆಯವರಿಗೂ ಇಲ್ಲ, ಅವರ ಆರೈಕೆ ಮಾಡೋರಿಗೂ ಇಲ್ಲ! ಒಂದು ಮಾತು ನನ್ನ ಕೇಳಬಾರದಿತ್ತಾ?"

"ನೀವೂ ಕೇಳಲಿಲ್ಲವಲ್ಲ ಫಾದರ್?"

"ಕೇಳಬಾರದು ಅಂತ ಸುಮ್ಮನಿದ್ದೆ ಕಣಪ್ಪಾ... ನಾನೂ ಏನೇನೋ ಅಂದ್ಕೊಂಡಿದ್ದೆ," ಎಂದು ಗುರುಗಳು ಗಡ್ಡ ಕೆರೆದುಕೊಂಡು ಜಾಗ ಖಾಲಿ ಮಾಡಿದರು.

ಅಂಗಳದಲ್ಲಿ ಅವರಿಬ್ಬರೇ ಉಳಿದರು. ನಲ್ಲಿ ತೊಟ್ಟಿಕ್ಕುತ್ತಿತ್ತು.

"ರೀ..." ಎಂದಳು ಸೂಜಿ, ನೆಲ ನೋಡುತ್ತಾ. "ಸಂಜೆ ಜಪಮಾಲೆ ಎರಡೂ ಕಡೆ ನಾನೇ ಹೇಳಿ ಹೇಳಿ ಸಾಕಾಗಿದೆ. ಉಳಿದರ್ಧ... ನೀವು ಹೇಳ್ತೀರಾ?"

ಅವನು ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ.

"ನಾನೂ ಒಬ್ಬನೇ ಹೇಳ್ತಿದ್ದೆ," ಎಂದ. "ಪಾತ್ರೆ ತೊಳೀತಾ."

ಮುಂದಿನ ಭಾನುವಾರ ಅವನು ಏದುಸಿರು ಬಿಡುತ್ತಾ ಬಂದು ಬೆಂಚಿನ ಬಳಿ ಅನುಮಾನಿಸುತ್ತಾ ನಿಂತ. ಅವಳು ಅಮ್ಮನ ಪುಸ್ತಕವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಕೂತ್ಕೊಳ್ಳಿ. ಅಮ್ಮಂದೇ ಜಾಗ."

ಪ್ರಸಾದದ ಹೊತ್ತಿಗೆ ಅವನು ಮೊಣಕಾಲು ಓರೆ ಮಾಡಲಿಲ್ಲ. ಮೊದಲು ಅವನೇ ಎದ್ದ. ಅವನ ಬೆನ್ನ ಹಿಂದೆ ಅವಳು. ತಿರುಗಿ ಬಂದು ಮಂಡಿಯೂರಿದಾಗ ಅವನ ಹೆಗಲು ಅಲುಗುತ್ತಿತ್ತು. ಅವಳು ನೋಡದವಳಂತೆ ತನ್ನ ಕರವಸ್ತ್ರವನ್ನು ಅವನತ್ತ ಸರಿಸಿದಳು.

"ಇವತ್ತು ಗಂಜಿ ರುಚಿ ನೋಡಿದ್ರಾ?"

"ನೋಡಿದೆ."

"ಉಪ್ಪು?"

"ಜಾಸ್ತಿಯಾಗಿತ್ತು. ಚೆಲ್ಲಿ ಮತ್ತೆ ಮಾಡಿದೆ... ನಿಮ್ಮದೇ ಯೋಚನೆ."

ಇದೆಲ್ಲ ನನ್ನ ಒಂದೇ ಕಿವಿಗೆ ಕೇಳಿದ್ದು. ಕೆಲವು ವಾರ ಕಳೆದು ಒಂದು ಭಾನುವಾರ, ಪೂಜೆಯ ಕೊನೆಗೆ ಗುರುಗಳು ಕನ್ನಡಕ ಏರಿಸಿ, ಪ್ರಕಟಣೆಯ ಕಾಗದ ಬಿಡಿಸಿ, ಕೊನೆಯ ಬೆಂಚಿನ ಕಡೆ ನೋಡಿ ಮುಗುಳ್ನಕ್ಕರು. ನನ್ನ ಬೆನ್ನ ಹಿಂದೆ ಬೆಂಚು ಕಿರ್ರೆಂದಿತು.

ಗುರುಗಳು ಏನು ಓದಿದರು ಅಂತೀರಿ? ಎಲ್ಲಾ ನಾನೇ ಹೇಳಬೇಕಾ? ಅರ್ಧ ಹೇಳಿದ್ದೀನಿ. ಉಳಿದರ್ಧ ನೀವು ಹೇಳಿ ನೋಡೋಣ!