ಎಡಕ್ಕೊಂದು ಮೊಳ

“ಬ್ಯಾಡಪಾ ಮಹಾಲಿಂಗ. ಹೊಸಾ ಹತಾರಕ್ಕ ಮೊದಲ ಮನಶ್ಯಾನ ಆಕಾರ ತೋರಸಬಾರದು. ಒಂದು ಬೂದಗುಂಬಳಕಾಯಿ ಇಟ್ಟು ಹೊಡಿ, ಅದರ ಹಸಿವು ಹೋಗಲಿ. ಆಮ್ಯಾಲೆ ಏನರ ಮಾಡ್ಕೊ.”

ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತು ಮುದಕವ್ವ ಹೀಗೆ ಹೇಳುವಾಗ ಮಹಾಲಿಂಗಪ್ಪ ಹೊಸ ಪಿಸ್ತೂಲನ್ನು ಕಟ್ಟೆಯ ಮೇಲಿಟ್ಟು ಬೆರ್ಚಪ್ಪನಿಗೆ ಅಂಗಿ ತೊಡಿಸುತ್ತಿದ್ದ. ಹೊಲದಲ್ಲಿ ಹಕ್ಕಿ ಹೆದರಿಸಲು ನಿಲ್ಲಿಸುವ ಹುಲ್ಲಿನ ಬೆರ್ಚಪ್ಪ ಅದು. ಅದನ್ನು ಕಿತ್ತು ತಂದು ಹಿತ್ತಲ ಮಣ್ಣುಗೋಡೆಯ ಮುಂದೆ ನೆಟ್ಟಿದ್ದ. ತೊಡಿಸುತ್ತಿದ್ದ ಅಂಗಿ ಅವನದೇ. ಧಾರವಾಡದ ಕಚೇರಿಗೆ ತೊಟ್ಟು ತೊಟ್ಟು ಕಂಕುಳಲ್ಲಿ ಬಣ್ಣ ಬಿಟ್ಟಿದ್ದ ಪಟ್ಟೆಪಟ್ಟೆ ಅಂಗಿ. ಬಿಸಾಡಲು ಮನಸ್ಸಾಗದೆ ಇಟ್ಟುಕೊಂಡಿದ್ದು ಈಗ ಉಪಯೋಗಕ್ಕೆ ಬಂತೆಂದು ಅವನಿಗೆ ಒಳಗೊಳಗೇ ಸಮಾಧಾನ.

“ಆ ಅಂಗೀನರ ತಗಿ. ನಿನ್ನ ಬೆವರು ಐತಿ ಅದರಾಗ. ಉಟ್ಟ ಬಟ್ಟಿ ಮಂದಿಗೆ ಕೊಡಬೇಕಾದ್ರ ನಾವು ಒಂದು ಚೂರು ಹರದು ಇಟಗೊಂಡು ಕೊಡ್ತೇವಿ. ನೀ ನೋಡಿದ್ರ ಇಡೀ ಅಂಗಿ ತೊಡಸಾಕತ್ತಿ.”

“ಅವ್ವಾ, ಇದು ಕಾರಖಾನ್ಯಾಗ ಮಾಡಿದ ಕಬ್ಬಿಣ. ಇದಕ್ಕ ಹಸಿವು ಇಲ್ಲ, ನೀರಡಿಕಿ ಇಲ್ಲ. ನಿನ್ನ ಕುಂಬಳಕಾಯಿ ಸಾರು ಮಾಡು, ಉಣ್ಣೂಣು,” ಎಂದು ಮಹಾಲಿಂಗಪ್ಪ ನಕ್ಕ.

ಮುದಕವ್ವ ಅವನನ್ನು ಹೆತ್ತವಳಲ್ಲ. ತಿಳವಳ್ಳಿಯ ಗೌಡಕಿ ಮನೆಗೆ ಗಂಡುದಿಕ್ಕಿಲ್ಲದೆ ಹೋದಾಗ, ಧಾರವಾಡದಲ್ಲಿ ಕಾರಕೂನನಾಗಿದ್ದ ದೂರದ ನೆಂಟರ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದಳು. ಅವನು ಹೆಂಡತಿ ಅನ್ನವ್ವನನ್ನು ಕರೆದುಕೊಂಡು ಈ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಯುದ್ಧದ ಕಾಲ. ಪೊಲೀಸರೆಲ್ಲ ಬೇರೆ ಗಲಾಟೆಗಳಲ್ಲಿ ಮುಳುಗಿದ್ದರು. ಶಿಗ್ಗಾಂವಿ ಕಡೆಯಿಂದ ದರೋಡೆಯ ಸುದ್ದಿ ಬರತೊಡಗಿತ್ತು. ದುಂಡಸಿಯ ಹತ್ತಿರ ಒಂದು ತೋಟದ ಮನೆಗೆ ನುಗ್ಗಿ, ಯಜಮಾನನನ್ನು ಕಂಬಕ್ಕೆ ಕಟ್ಟಿ, ಅವನ ಕಣ್ಣೆದುರೇ ಹೆಂಡತಿಯ ಕಿವಿ ಹರಿದು ಓಲೆ ಕಿತ್ತಿದ್ದರಂತೆ. ಅದನ್ನು ಕೇಳಿದ ದಿನದಿಂದ ಮಹಾಲಿಂಗಪ್ಪನ ಕಣ್ಣು ಅನ್ನವ್ವನ ಕಿವಿಯ ಮೇಲೆಯೇ. ಹುಬ್ಬಳ್ಳಿಗೆ ಹೋಗಿ ಪಿಸ್ತೂಲು ತಂದದ್ದು ಶೋಕಿಗಲ್ಲ, ಆ ಕಿವಿಗಾಗಿ.

ಅನ್ನವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಆ ಅಂಗಿಯನ್ನೇ ನೋಡುತ್ತಿದ್ದಳು. ಹಾನಗಲ್ಲಿನ ಠಾಣೆಯಲ್ಲಿ ಪಿಸ್ತೂಲನ್ನು ದಾಖಲು ಮಾಡಿಸುವ ತನಕ ಗಂಡ ಒಂದು ಗುಂಡನ್ನೂ ಹಾರಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಾಯದೆಯೆಂದರೆ ಅವನಿಗೆ ಅಷ್ಟು ನಿಷ್ಠೆ. ಅವನು ಹಾನಗಲ್ಲಿಗೆ ಹೋಗಿ ಬರುವುದರೊಳಗೆ ಅವಳು ಗಾಡಿ ಕಟ್ಟಿಸಿಕೊಂಡು ತವರೂರು ಅಬಲೂರಿಗೆ ಹೋಗಿ ಬಂದಳು. ಬಂದವಳ ಸೊಂಟದಲ್ಲಿ ಒಂದು ಕರಿದಾರ ಇತ್ತು. ಸೀರೆಯ ಕೆಳಗಿದ್ದದ್ದು ಅವನ ಕಣ್ಣಿಗೆ ಬೀಳಲಿಲ್ಲ.

ಮೊದಲ ಗುಂಡು ಹಾರಿದ್ದು ಒಂದು ಸಂಜೆ, ದನಗಳು ಮನೆಗೆ ತಿರುಗುವ ಹೊತ್ತಿಗೆ. ಮಹಾಲಿಂಗಪ್ಪ ಬೆರ್ಚಪ್ಪನ ಎದೆಗೆ ನೇರ ಗುರಿ ಹಿಡಿದು ಪಿಸ್ತೂಲಿನ ಕುದುರೆ ಎಳೆದ. ಕಾಗೆಗಳು ಒಮ್ಮೆಲೆ ಎದ್ದವು. ಮದ್ದಿನ ಕಟುವಾಸನೆ ಮೂಗಿಗೆ ಅಡರಿತು. ಬೆರ್ಚಪ್ಪ ಮಾತ್ರ ಕೈ ಅಗಲಿಸಿಕೊಂಡು ಹಾಗೇ ನಿಂತಿತ್ತು. ಅದರ ಎಡಕ್ಕೆ, ಒಂದು ಮೊಳದಾಚೆ ಬೆಳೆದಿದ್ದ ಔಡಲ ಗಿಡದ ಎಲೆಯೊಂದರಲ್ಲಿ ದುಂಡನೆಯ ತೂತು ಬಿದ್ದಿತ್ತು.

ಇನ್ನೊಂದು ಹೊಡೆದ. ಮತ್ತೆ ಔಡಲದ ಎಲೆ. ಮೊಣಕೈಯನ್ನು ಕಟ್ಟೆಗೆ ಊರಿ ಹೊಡೆದ. ಮತ್ತೆ ಅದೇ ಎಡಕ್ಕೆ, ಅದೇ ಒಂದು ಮೊಳ.

“ಹಾಳ ಮಾಲು ಕೊಟ್ಟಾರ,” ಎಂದು ಬೈದುಕೊಳ್ಳುತ್ತ ಗೋಡೆಯ ಹತ್ತಿರ ಹೋದ. ಎಲೆಯಲ್ಲಿ ತೂತಿತ್ತು, ಅದರ ಅಂಚು ಸುಟ್ಟು ಕಪ್ಪಾಗಿತ್ತು. ಎಲೆಯ ಹಿಂದಿನ ಗೋಡೆಯಲ್ಲಿ ಏನೂ ಇರಲಿಲ್ಲ. ಕೈಯಾಡಿಸಿ ನೋಡಿದ. ಸಗಣಿ ಸಾರಿಸಿದ ಗೋಡೆ ನುಣ್ಣಗೆ, ತಣ್ಣಗೆ ಇತ್ತು. ಗುಂಡು ಎಲೆ ದಾಟಿ ಎಲ್ಲಿಗೆ ಹೋಯಿತು? ಬೆಳಕು ಕಮ್ಮಿಯಾಗಿದೆ, ನಾಳೆ ಕಾಣುತ್ತದೆ ಎಂದುಕೊಂಡು ಒಳಗೆ ಬಂದ. ಒಳಗೆ ಅನ್ನವ್ವ ಒಲೆಯ ಮುಂದೆ ಎಡಪಕ್ಕೆ ಒತ್ತಿಕೊಂಡು ಬಗ್ಗಿ ಕೂತಿದ್ದಳು. ಹೊಗೆ, ಕೆಮ್ಮು ಎಂದಳು. ಅವನೂ ಹೆಚ್ಚು ಕೇಳಲಿಲ್ಲ.

ಬೆಳಿಗ್ಗೆಯೂ ಗೋಡೆಯಲ್ಲಿ ಏನೂ ಕಾಣಲಿಲ್ಲ.

ಅಲ್ಲಿಂದ ಶುರುವಾಯಿತು ಮಹಾಲಿಂಗಪ್ಪನ ತಿರುಗಾಟ. ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ಹೋದ. ಅಂಗಡಿಯವನು ಬೇಸರದಿಂದಲೇ ಹಿಂದಿನ ಅಂಗಳಕ್ಕೆ ಕರೆದೊಯ್ದು ತಗಡಿನ ಡಬ್ಬಿಯೊಂದನ್ನು ಇಟ್ಟು ಹೊಡೆದ. ಡಬ್ಬಿ ಹಾರಿಬಿತ್ತು. ಮಹಾಲಿಂಗಪ್ಪನ ಕೈಗೂ ಕೊಟ್ಟ. ಅವನು ಹೊಡೆದಾಗಲೂ ಡಬ್ಬಿ ಹಾರಿಬಿತ್ತು. ಅಂಗಡಿಯವನು ಬಾಗಿಲ ಕಡೆ ನೋಡಿದ. ಮಹಾಲಿಂಗಪ್ಪ ಮರ್ಯಾದೆ ಕಳೆದುಕೊಂಡವನಂತೆ ಹೊರಗೆ ಬಂದ.

ಮನೆಯಲ್ಲಿ ಹೊಡೆದರೆ ಮತ್ತೆ ಎಡಕ್ಕೆ. ಸಿಟ್ಟಿನಿಂದ ಒಂದು ಹಳೆಯ ಮಡಕೆಯನ್ನು ಕಟ್ಟೆಯ ಮೇಲಿಟ್ಟು ಹೊಡೆದ. ಮಡಕೆ ಚೂರುಚೂರಾಯಿತು. ಅಂದರೆ ಮಡಕೆಗೆ ನೆಟ್ಟಗೆ, ಬೆರ್ಚಪ್ಪನಿಗೆ ಸೊಟ್ಟಗೆ! ಬೇರೆಯವನಾಗಿದ್ದರೆ ಇಲ್ಲಿಗೆ ಕೈಬಿಡುತ್ತಿದ್ದನೇನೋ. ಮಹಾಲಿಂಗಪ್ಪನಿಗೆ ಅದು ಸಾಧ್ಯವಿರಲಿಲ್ಲ. ಕದ ಮುರಿದು ಬರುವುದು ಮಡಕೆಯಲ್ಲ, ಮನುಷ್ಯ. ಮನುಷ್ಯನಿಗೆ ತಾಗದ ಪಿಸ್ತೂಲು ಇದ್ದರೆಷ್ಟು, ಬಿಟ್ಟರೆಷ್ಟು?

ಸವಣೂರಿನ ನಬೀಸಾಬ ನವಾಬರ ಕಾಲದ ಬಂದೂಕುಗಳನ್ನು ದುರಸ್ತಿ ಮಾಡುವವನು. ಅವನಿದ್ದಲ್ಲಿಗೂ ಹೋದ. ನಬೀಸಾಬ ನಳಿಗೆಯೊಳಗೆ ಕಣ್ಣಿಟ್ಟು ನೋಡಿದ, ಎಣ್ಣೆ ಬಿಟ್ಟ, ನಳಿಗೆಯ ತುದಿಯಲ್ಲಿ ಗುರಿ ನೋಡುವ ಮೊಳೆಯನ್ನು ಅರದಿಂದ ತಿಕ್ಕಿದ. “ಇಷ್ಟ ನೋಡ್ರಿ ಗೌಡ್ರ ಇದರ ರೋಗ. ಯುದ್ಧದ ವ್ಯಾಳ್ಯಾದಾಗ ಕಾರಖಾನಿಯವರು ನೋಡೂದಿಲ್ಲ, ಮಾಡೂದಿಲ್ಲ, ಹಂಗ ಕಳಸ್ತಾರ. ಇನ್ನ ಸೂಜಿ ನಿಲ್ಲಿಸಿ ಹೊಡೀರಿ, ಹತ್ತತೈತಿ,” ಎಂದು ಭರವಸೆ ಕೊಟ್ಟ. ಪಾಪ, ಅವನೂ ತಿಳಿದದ್ದನ್ನೇ ಹೇಳಿದ.

ಸವಣೂರಿನಿಂದ ತಿಳವಳ್ಳಿಯ ತನಕ ಅರ್ಧ ಮೋಟಾರು, ಅರ್ಧ ಗಾಡಿ. ಧೂಳು, ಬಿಸಿಲು. ಮೈಯೆಲ್ಲ ಕುಟ್ಟಿ ಹಾಕಿದಂತಾಗಿತ್ತು. ಮನೆಗೆ ಬಂದವನು ಕಾಲು ಕೂಡ ತೊಳೆಯದೆ ಹಿತ್ತಲಿಗೆ ನಡೆದ. ಅನ್ನವ್ವ ಗೋಡೆ ಹಿಡಿದುಕೊಂಡು ಎದುರು ಬಂದಳು. ಸೀರೆ ಮೈಗೆ ನಿಲ್ಲದಷ್ಟು ಸೊರಗಿದ್ದಳು. ಇವಳು ಯಾವಾಗ ಇಷ್ಟು ಇಳಿದುಹೋದಳು ಎಂದು ಒಂದು ಗಳಿಗೆ ಅನ್ನಿಸಿತು.

“ಇವತ್ತ ಬ್ಯಾಡ್ರಿ.”

“ದಿನಾ ಇದ ಹೇಳ್ತಿ. ನಾ ಯಾರ ಸಲುವಾಗಿ ಸಾಯಾಕತ್ತೇನಿ?”

“ಗೊತ್ತೈತ್ರಿ. ಇವತ್ತೊಂದಿನ ಬ್ಯಾಡ್ರಿ. ಭಾಳ ದಣದೇನಿ.”

ದಣಿದವನು ತಾನು, ದಣಿವಿನ ಮಾತು ಇವಳದು ಎಂದು ಅವನಿಗೆ ರೇಗಿತು. ಹೊರಗೆ ಹೋಗಿ ಹೊಡೆದ. ಔಡಲದ ಎಲೆ ನಡುಗಿತು. ಸದ್ದು ಅಡಗಿದ ಮೇಲೆ ಮನೆಯೊಳಗಿನಿಂದ ಇನ್ನೊಂದು ಸಣ್ಣ ಸದ್ದು ಕೇಳಿತು. ಒದ್ದೆ ಹಿಟ್ಟಿನ ಮುದ್ದೆಯನ್ನು ನೆಲಕ್ಕೆ ಬಡಿದಂಥ ಸದ್ದು. ಇಷ್ಟು ದಿನವೂ ಅದು ಕೇಳಿಸುತ್ತಿತ್ತೇ? ಕೇಳಿಸುತ್ತಿತ್ತು. ರೊಟ್ಟಿ ಬಡಿಯುತ್ತಿದ್ದಾಳೆ ಎಂದುಕೊಂಡಿದ್ದ. ಇಂದು ಒಲೆಯೇ ಹೊತ್ತಿರಲಿಲ್ಲ.

ಕೈಯಲ್ಲಿ ಪಿಸ್ತೂಲು ಹಿಡಿದೇ ಒಳಗೆ ಬಂದ. ಪಡಸಾಲೆಯಲ್ಲಿ ಅರಿವೆ ಸುಟ್ಟ ವಾಸನೆ. ನಡುಮನೆಯ ಮಬ್ಬಿನಲ್ಲಿ ಅನ್ನವ್ವ ಚಾಪೆಯ ಮೇಲೆ ಬಲಮಗ್ಗುಲಾಗಿ ಬಿದ್ದಿದ್ದಳು. ಮುದಕವ್ವ ಬೇವಿನೆಣ್ಣೆಯ ಬಟ್ಟಲು ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಸೀರೆಯ ಎಡಭಾಗ ಸರಿದಿತ್ತು. ಕಂಕುಳಿನಿಂದ ಸೊಂಟದ ತನಕ ಕರಿಬಣ್ಣದ ದುಂಡನೆಯ ತಗ್ಗುಗಳು. ಹರಿದಿರಲಿಲ್ಲ. ರಕ್ತವೂ ಇರಲಿಲ್ಲ. ಯಾರೋ ಹೆಬ್ಬೆರಳಿನಿಂದ ಹಸಿಮಣ್ಣನ್ನು ಒತ್ತಿದಂತೆ ಚರ್ಮ ಒಳಕ್ಕೆ ಹೋಗಿತ್ತು. ಸೊಂಟದ ಕರಿದಾರದ ಹತ್ತಿರ ಒಂದು ಹೊಸ ತಗ್ಗು. ಅದರಿಂದ ಇನ್ನೂ ತೆಳ್ಳಗೆ ಹೊಗೆ ಏಳುತ್ತಿತ್ತು.

ಮಹಾಲಿಂಗಪ್ಪ ಚಾಪೆಯ ಹತ್ತಿರ ಬಗ್ಗಿದ.

“ಏನವ್ವಾ ಇದು?”

ಮುದಕವ್ವ ತಲೆ ಎತ್ತಲಿಲ್ಲ. “ನಿನಗ ಹೇಳಬಾರದಾಗಿತ್ತು. ಆಕಿ ಹೇಳಿದ್ರ ಮಾಟದ ಕಟ್ಟು ಬಿಚ್ಚತೈತಿ, ಅದಕ್ಕ ಬಾಯಿ ಮುಚಗೊಂಡಾಳ. ನಾ ಹೇಳ್ತೇನಿ, ಕೇಳು. ನಿನ್ನ ಅಂಗಿ ತೊಡಿಸಿದಿ. ಹೊಸಾ ಹತಾರ ತೋರಿಸಿದಿ. ಅದು ನಿನ್ನ ಮೈಯಾತು. ಅಬಲೂರಾಗ ಫಕ್ಕೀರವ್ವ ಅಂತ ಐದಾಳ, ಮಾಟ ಕಟ್ಟತಾಳ, ಬಿಚ್ಚತಾಳ. ಆಕಿ ಕಡೆ ಹೋಗಿ ಈಕಿ ಅತ್ತಾಳ. ಗುಂಡು ನಿಲ್ಲಸಾಕ ಬರೂದಿಲ್ಲ, ಬಾಜೂಕ ಸರಸಾಕ ಬರತೈತಿ ಅಂದ್ಲಂತ.”

“ಬಾಜೂಕ ಅಂದ್ರ?”

“ಎಡಕ್ಕ.” ಮುದಕವ್ವ ಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿದಳು. “ಲಗ್ನದಾಗ ಅಕ್ಕಿಕಾಳು ಬಿದ್ದ ದಿನ ಆಕೀನ ನಿನ್ನ ಯಾವ ಬಾಜೂಕ ಕುಂದ್ರಿಸಿದ್ರು, ನೆಪ್ಪ ಮಾಡ್ಕೊ.”

ನಗಬೇಕೆಂದು ಅವನ ಬಾಯಿ ತೆರೆಯಿತು, ನಗು ಹೊರಡಲಿಲ್ಲ. ಹಿತ್ತಲಿಗೆ ಓಡಿದ. ಬೆರ್ಚಪ್ಪನ ಅಂಗಿಯ ಕಾಲರಿಗೆ ಕೈ ಹಾಕಿ ಜಗ್ಗಿದ. ತನ್ನ ಕುತ್ತಿಗೆಯ ಹಿಂದೆ ಚರ್ಮ ಕಿತ್ತು ಬಂದಂತೆ ಉರಿಯಿತು. ಕೈಬಿಟ್ಟ. ಮತ್ತೆ ತೋಳು ಹಿಡಿದು ಎಳೆದ. ತನ್ನ ತೋಳು ಉರಿಯಿತು. ಗುಂಡಿಗಳು ಬಟ್ಟೆಗೆ ಬೆಸೆದುಕೊಂಡಿದ್ದವು. ಒಳಗಿನ ಹುಲ್ಲು ಬೆಚ್ಚಗಿತ್ತು. ಅದರಿಂದ ಬೆವರಿನ ವಾಸನೆ ಬರುತ್ತಿತ್ತು. ಅವನದೇ ಬೆವರು, ಆ ಹೊತ್ತಿನದು.

ತಿರುಗಿ ಬಂದು ಮುದಕವ್ವನ ಮುಂದೆ ಕುಸಿದು ಕೂತ. “ಇನ್ನ ಹೊಡ್ಯೂದಿಲ್ಲ. ಪಿಸ್ತೂಲು ಹೊಳೀಗೆ ಒಗೀತೇನಿ. ಆತಲ್ಲ?”

“ಒಳಗ ಹೊಕ್ಕ ಗುಂಡು ಹೆಂಗ ಹೊರಗ ಬರ್ತಾವು? ಗುರಿ ಮುಟ್ಟಬೇಕಂತ. ಒಮ್ಮಿ ಆ ಬೆರ್ಚಪ್ಪಗ ಹತ್ತಿದ್ರ ಈಕಿಗೆ ಹೊಕ್ಕದ್ದೆಲ್ಲ ಬಿಟ್ಟು ಹೋಗತೈತಂತ.” ಮುದುಕಿ ಮೊದಲ ಸಲ ಅವನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು. “ನಾ ಏನು ಹೇಳಲಿ ನಿನಗ? ನೀನೂ ನನಗ ಮಗಾನ.”

ಅನ್ನವ್ವ ಕಣ್ಣು ತೆರೆದಳು. ಬೇಡ ಎಂಬಂತೆ ತಲೆಯನ್ನು ಸ್ವಲ್ಪ ಅಲುಗಿಸಿದಳು. ಮಾತಾಡುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ. ಮಹಾಲಿಂಗಪ್ಪ ಅವಳ ಕಿವಿಯ ಓಲೆಯನ್ನು ಮುಟ್ಟಿದ. ಅವನಿಗೆ ಅಳು ಬಂತು. ಎದ್ದು ಹೊರಗೆ ನಡೆದ.

ಲೆಕ್ಕ ಸರಳವಾಗಿತ್ತು. ಗುಂಡು ಎಡಕ್ಕೆ ಒಂದು ಮೊಳ ಹೋಗುವುದಾದರೆ ಬೆರ್ಚಪ್ಪನ ಬಲಕ್ಕೆ ಒಂದು ಮೊಳ ಗುರಿ ಹಿಡಿಯಬೇಕು. ಆಗ ಅಂಗಿಗೆ ತಾಗುತ್ತದೆ. ಅಂಗಿಗೆ ತಾಗಿದರೆ ತನಗೆ. ಎದೆ ಬೇಡ, ತೋಳಿಗೆ ಹೊಡೆದರೆ? ತೋಳಿಗೆ ಹೊಡೆದರೂ ಗುರಿ ಮುಟ್ಟಿದಂತೆಯೇ ಅಲ್ಲವೇ? ಒಂದು ಕೈ ಹೋದರೂ ಬದುಕಬಹುದು. ಕೈ ಸಾಲದಿದ್ದರೆ? ಅರ್ಧಂಬರ್ಧ ತಾಗಿ ಇಬ್ಬರೂ ಹೋದರೆ? ಎದೆಯೇ ಸರಿ. ಅಲ್ಲ, ತೋಳು.

ಪಿಸ್ತೂಲು ಎತ್ತಿದ. ಇಳಿಸಿದ. ಮತ್ತೆ ಎತ್ತಿದ. ಗೋಡೆಯ ಮೇಲಿನ ಬಿಸಿಲು ಕೆಂಪಾಯಿತು, ಆಮೇಲೆ ಬೂದಿಬಣ್ಣಕ್ಕೆ ತಿರುಗಿತು. ಕೊಟ್ಟಿಗೆಯಲ್ಲಿ ಎಮ್ಮೆ ಒಂದೇ ಸಮನೆ ಒದರುತ್ತಿತ್ತು. ಹಿಂಡುವವರು ಯಾರೂ ಇರಲಿಲ್ಲ. ಬೆರ್ಚಪ್ಪ ಕೈ ಅಗಲಿಸಿ ಕಾಯುತ್ತಿತ್ತು. ಇಷ್ಟು ಊರು ತಿರುಗಿ, ಇಷ್ಟು ಜನರ ಮುಂದೆ ಅಂಗಲಾಚಿದ್ದು ಈ ಒಂದು ಗುಂಡಿಗಾಗಿಯೇ ಎಂದು ನೆನೆದು ಅವನಿಗೆ ಸಾಕುಸಾಕಾಯಿತು. ಹೆದರಿಕೆಯೂ ಸವೆದುಹೋಯಿತು. ಅನ್ನವ್ವ ಒಬ್ಬಳು ಉಳಿದರೆ ಸಾಕು.

ಕೈ ಎತ್ತಿದ. ಬಲಕ್ಕೆ ಒಂದು ಮೊಳ. ಗೋಡೆಯ ಮೇಲೊಂದು ಸಗಣಿಯ ಕಲೆ. ಅದಕ್ಕೆ ನೇರ. ಅಂಗಿಯ ಎದೆಗೇ ಬರಲಿ. ಕಣ್ಣು ಮುಚ್ಚಲಿಲ್ಲ. ಉಸಿರು ಬಿಗಿಹಿಡಿದ. ಎಳೆದ.

ಸದ್ದು. ಹೊಗೆ. ಕಾಗೆಗಳು.

ಎದೆ ಮುಟ್ಟಿಕೊಂಡ. ಒಣಗಿತ್ತು. ತೋಳು ಮುಟ್ಟಿಕೊಂಡ. ನೋವಿಲ್ಲ. ಬೆರ್ಚಪ್ಪನ ಅಂಗಿ ಅಲುಗಿರಲಿಲ್ಲ. ಔಡಲದ ಎಲೆಯೂ ಅಲುಗಿರಲಿಲ್ಲ. ಮನೆಯೊಳಗಿನಿಂದ ಆ ಸದ್ದು ಬರಲಿಲ್ಲ. ತಪ್ಪಿತು! ಇಬ್ಬರಿಗೂ ತಪ್ಪಿತು! ಗೋಡೆಯ ಕಡೆಗೆ ಓಡಿದ.

ಸಗಣಿಯ ಕಲೆಯ ನಟ್ಟನಡುವೆ ತೂತು ಬಿದ್ದಿತ್ತು. ಅದರೊಳಗಿನಿಂದ ಒಣಮಣ್ಣು ಸಣ್ಣಗೆ ಉದುರುತ್ತಿತ್ತು. ಬೆರಳು ಹಾಕಿದ. ಗುಂಡು ಒಳಗೇ ಇತ್ತು, ಬಿಸಿಯಾಗಿ. ಹಿಡಿದ ಗುರಿಗೆ ಕೂದಲೆಳೆಯಷ್ಟೂ ಆಚೀಚೆ ಆಗದೆ ಬಂದು ನೆಟ್ಟಿತ್ತು. ಗೋಡೆಯ ಮುಂದೆ ಅವನು ಹಾಗೇ ನಿಂತುಬಿಟ್ಟ. ಅವನ ಹಿಂದೆ ಬೆರ್ಚಪ್ಪನ ಅಂಗಿಯ ಗುಂಡಿಯೊಂದು ತಾನೇ ಬಿಚ್ಚಿ ನೆಲಕ್ಕೆ ಬಿತ್ತು.

ಹಿತ್ತಲ ಬಾಗಿಲಲ್ಲಿ ಮುದಕವ್ವ ಬಂದು ನಿಂತಳು. ಅವಳ ಕೈಯಲ್ಲಿ ಹರಿದ ಕರಿದಾರವಿತ್ತು.

“ಸಾಕು ಮಾಡಪಾ,” ಎಂದಳು. “ನೀ ಹೊಡ್ಯೂಕಿಂತ ಮೊದಲ ಹೋದ್ಲು ಆಕಿ. ಇನ್ನ ನೆಟ್ಟಗ ಹೊಡೀತೈತಿ ಅದು.”