ಝೀನತ್‌ಳ ಪಾಸ್‌ಪೋರ್ಟ್

ಫೆಬ್ರವರಿ 16, ಸೋಮವಾರ. ಬೆಳಿಗ್ಗೆ 9.20ಕ್ಕೆ ಬಾಳೂರು ಠಾಣೆಯ ಮೆಟ್ಟಿಲು ಹತ್ತಿದ ಗಂಡ ಹೆಂಡತಿಯನ್ನು ನೋಡಿದಾಗಲೇ ಇದು ಬೇಲಿ ಜಗಳದ ಅರ್ಜಿಯಲ್ಲ ಎಂದು ಸಬ್ ಇನ್‌ಸ್ಪೆಕ್ಟರ್ ಶಾಂತಕುಮಾರಿಗೆ ತಿಳಿಯಿತು. ಹೆಂಡತಿ ಅತ್ತು ಮುಗಿಸಿದ್ದಳು. ಗಂಡನ ಕೈಯಲ್ಲಿ ವಿಮಾನದ ಟಿಕೆಟ್ ಇತ್ತು.

ಅಶ್ಫಾಕ್ ಮತ್ತು ಝೀನತ್ ಎಂಟು ವರ್ಷದಿಂದ ಮಸ್ಕತ್‌ನಲ್ಲಿದ್ದರು. ಆತ ಗೋದಾಮಿನ ಮೇಲ್ವಿಚಾರಕ, ಆಕೆಗೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಮೂರು ವಾರದ ರಜೆಗೆ ಝೀನತ್‌ಳ ತವರಿಗೆ ಬಂದಿದ್ದರು. ತವರೆಂದರೆ ಈಗ ಒಂದು ಹೆಂಚಿನ ಮನೆ, ಎರಡೆಕರೆ ಕಾಫಿ, ಅಷ್ಟೆ, ಹೆತ್ತವರು ತೀರಿಕೊಂಡಿದ್ದರು. ರಂಜಾನ್ ಶುರುವಾದರೆ ತಿರುಗಾಟವಿಲ್ಲವೆಂದು ಶನಿವಾರ ಬೆಳಿಗ್ಗೆ ಮರವಂತೆಗೆ ಹೋಗಿ, ಕಡಲ ದಂಡೆಯಲ್ಲಿ ಎರಡು ದಿನ ಕಳೆದು, ಭಾನುವಾರ ಸಂಜೆ ಮರಳಿದ್ದರು. ಮಂಗಳವಾರ ರಾತ್ರಿ ಮಂಗಳೂರಿನಿಂದ ವಿಮಾನ. ಪೆಟ್ಟಿಗೆ ಕಟ್ಟಲೆಂದು ಬೀರು ತೆಗೆದರೆ ಝೀನತ್‌ಳ ಪಾಸ್‌ಪೋರ್ಟ್ ಇಲ್ಲ.

"ಬೇರೆ ಏನು ಹೋಗಿದೆ?"

"ಏನೂ ಇಲ್ಲ ಮೇಡಂ. ಪಕ್ಕದಲ್ಲೇ ಎರಡು ಚಿನ್ನದ ಸರ ಇತ್ತು, ಹಂಗೇ ಇದೆ. ಇವ್ರ ಪಾಸ್‌ಪೋರ್ಟೂ ಇದೆ."

"ಸಮುದ್ರಕ್ಕೆ ಹೋಗೋಣ ಅಂದಿದ್ದು ಯಾರು?"

"ಇವ್ರು. ನಂಗೆ ಮನಸ್ಸಿರ್ಲಿಲ್ಲ, ಅಂಗಳದಲ್ಲಿ ಮೆಣಸು ಒಣಗ್ತಿತ್ತು. ಪಕ್ಕದ್ಮನೆ ದ್ಯಾವಮ್ಮತ್ತೆ ಬೈದು ಕಳ್ಸಿದ್ರು. ಹೋಗ್ಬಾ ಮಾರಾಯ್ತಿ, ಆಮೇಲೆ ಒಂದು ತಿಂಗಳು ಉಪವಾಸ ಅಂತ."

ಝೀನತ್‌ಗೆ ಒಂಬತ್ತು ವರ್ಷವಿದ್ದಾಗ ತಾಯಿ ಹೋದಳು. ಅಂದಿನಿಂದ ಜಡೆ ಹೆಣೆದು, ಉಣಿಸಿ, ಬೈದು ಬೆಳೆಸಿದವಳು ಈ ದ್ಯಾವಮ್ಮ. ಗಂಡನಿಲ್ಲದ, ಮಕ್ಕಳಿಲ್ಲದ ಗೌಡರ ಹೆಂಗಸು.

9.55ಕ್ಕೆ ಎಫ್‌ಐಆರ್ ಆಯಿತು: ವಾಸದ ಮನೆಯಲ್ಲಿ ಕಳವು. 11.10ಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಮನೆಯ ಇನ್ನೊಂದು ಕೀಲಿ ಸೌದೆ ರಾಶಿಯ ಸಂದಿಯಲ್ಲಿ, ಬೀರುವಿನದು ಉಪ್ಪಿನ ಭರಣಿಯ ಹಿಂದೆ, ಎರಡೂ ಇಟ್ಟಲ್ಲೇ ಇದ್ದವು. ಈ ಜಾಗಗಳು ದ್ಯಾವಮ್ಮನಿಗೂ ಕೆಲಸದ ಪಾಪಮ್ಮನಿಗೂ ಗೊತ್ತಿದ್ದವು. ದ್ಯಾವಮ್ಮ ಶನಿವಾರ, ಭಾನುವಾರ ಹೊರನಾಡಿನ ನೆಂಟರ ಮನೆಯಲ್ಲಿದ್ದೆ ಎಂದು ಝೀನತ್‌ಗೆ ಹೇಳಿದ್ದಳಂತೆ. ಹಾಗಾಗಿ ಕಾನ್‌ಸ್ಟೇಬಲ್ ಗಿರಿ ನೇರ ಪಾಪಮ್ಮನನ್ನು ಕರೆತಂದ. ಬಡವರ ಮೇಲೆ ಮೊದಲು ಅನುಮಾನಪಡಲು ಯಾರೂ ಸಾಕ್ಷಿ ಕೇಳುವುದಿಲ್ಲ.

"ಶನಿವಾರ ಬಂದಿದ್ಯಾ?" ಶಾಂತಕುಮಾರಿ ಕೇಳಿದಳು.

"ಐದು ಗಂಟೆಗೆ ಬಂದೆ ಅಮ್ಮಾವ್ರೆ, ಎಸ್ಟೇಟ್ ಕೆಲ್ಸ ಬಿಟ್ಮೇಲೆ. ಮೆಣಸು ರಾಶಿ ಮಾಡಕ್ಕೆ ಹೇಳಿದ್ರು. ಮೂರೂವರೆಗೇ ಹೂಮಳೆ ಹೊಡೀತು. ಮೆಣಸೆಲ್ಲ ಹೋಯ್ತು ಅಂತ ಎದೆ ಬಡ್ಕೊಂಡು ಬಂದ್ರೆ, ಚೀಲ ಕಟ್ಟಿ ಜಗಲಿ ಮೇಲಿಟ್ಟಿದ್ರು."

"ಯಾರು?"

"ನಂಗೇನು ಗೊತ್ತು?"

ಶಾಂತಕುಮಾರಿ ಚೀಲ ಬಿಚ್ಚಿ ಕೈ ಹಾಕಿದಳು. ಒಂದು ಕಾಳೂ ನೆನೆದಿರಲಿಲ್ಲ. ಮೊದಲ ಹನಿ ಬೀಳುವಾಗಲೇ ಯಾರೋ ಇಲ್ಲಿದ್ದರು. ಚೀಲದ ಬಾಯಿಗೆ ಬಿಗಿದಿದ್ದದ್ದು ಬಾಳೆನಾರು.

"ಕದಿಯಕ್ಕೆ ಬಂದು ಮೆಣಸು ಕಾಪಾಡಿ ಹೋಗಿದ್ದಾನೆ ಮೇಡಂ. ಇಂಥ ಕಳ್ಳ ನಮ್ಮನೆಗೂ ಬರ್ಲಿ," ಎಂದು ನಕ್ಕ ಗಿರಿ, ನಾರು ನೋಡಿ ಗಂಭೀರನಾದ. "ಈಗ ಎಲ್ರೂ ಪ್ಲಾಸ್ಟಿಕ್ ಹಗ್ಗ. ಬಾಳೆನಾರು ಕಟ್ಟೋದು ಈ ಕೇರಿಲಿ ದ್ಯಾವಮ್ಮ ಒಬ್ರೇ."

12.40ಕ್ಕೆ ದ್ಯಾವಮ್ಮನ ಮನೆ. ಪಾಸ್‌ಪೋರ್ಟ್ ಸಿಕ್ಕರೆ ಗುರುತಿಸಲು ಝೀನತ್ ದಂಪತಿಯೂ, ಸಾಕ್ಷಿಗೆ ಇಬ್ಬರು ಪಂಚರೂ ಜೊತೆಗೆ ಬಂದರು. ದ್ಯಾವಮ್ಮ ಬಾಗಿಲಲ್ಲೇ ನಿಂತಿದ್ದಳು, ಸೀರೆಯೊಳಗೆ ಬರೀ ಎಲುಬು.

"ಶನಿವಾರ ಎಲ್ಲಿದ್ರಿ?"

"ಹೊರನಾಡಲ್ಲಿ."

"ಇವ್ರ ಮೆಣಸು ಚೀಲಕ್ಕೆ ತುಂಬಿದ್ಯಾಕೆ?"

"ನೆನೆಯಕ್ಕೆ ಬಿಡಕ್ಕಾಗುತ್ತಾ ಮೇಡಂ?"

ಹೇಳಿದ ಮೇಲೆ ಸೆರಗು ಬಾಯಿಗೆ ಹೋಯಿತು. ಬೆಳೆ ಕಂಡ ಕೈ ಸುಮ್ಮನಿರಲಿಲ್ಲ; ಬೆಳೆ ಮಾತು ಬಂದಾಗ ನಾಲಿಗೆಯೂ ಸುಮ್ಮನಿರಲಿಲ್ಲ. ಅವಳು ಮತ್ತೆ ಸುಳ್ಳು ಹೇಳಲಿಲ್ಲ. ಒಳಗೆ ಹೋಗಿ ಕಬ್ಬಿಣದ ಟ್ರಂಕಿನ ಮುಚ್ಚಳ ತೆಗೆದಳು. ಗಿರಿ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದ. ನೀಲಿ ಫೈಲಿನ ನಡುವೆ ಪಾಸ್‌ಪೋರ್ಟ್ ಇತ್ತು.

ಶಾಂತಕುಮಾರಿ ಫೈಲಿನ ಮೊದಲ ಹಾಳೆ ಓದಿ, ಪಂಚನಾಮೆಯ ಕಾಗದ ತೆಗೆದಳು.

"ಮೇಡಂ, ಅದೊಂದು ಬರೀಬೇಡಿ," ದ್ಯಾವಮ್ಮ ಮೆಲ್ಲಗೆ ಅಂದಳು. "ನಿಮ್ಗೆ ಕೈ ಮುಗೀತೀನಿ."

"ಸಿಕ್ಕಿದ್ದೆಲ್ಲ ಬರೀಬೇಕಮ್ಮ."

ಬರೆದದ್ದನ್ನು ಪಂಚರ ಮುಂದೆ ಓದಿ ಹೇಳಬೇಕು, ಅದು ನಿಯಮ. ನಿಯಮ ಪಾಲಿಸಿದ್ದಕ್ಕೆ ಶಾಂತಕುಮಾರಿಗೆ ಅಷ್ಟು ಸಂಕಟ ಎಂದೂ ಆಗಿರಲಿಲ್ಲ. "ಒಂದು ಪಾಸ್‌ಪೋರ್ಟ್. ಮಂಗಳೂರಿನ ಆಸ್ಪತ್ರೆಯ ಬಯಾಪ್ಸಿ ವರದಿ, ದಿನಾಂಕ ಜನವರಿ..."

ಬಾಗಿಲ ಬಳಿ ನಿಂತಿದ್ದ ಝೀನತ್ ಕೈ ಚಾಚಿದಳು. ದಿನಾ ಇಂಥ ವರದಿ ನೋಡುವವಳು. ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಓದಿ ಮುಗಿಸಿ ದ್ಯಾವಮ್ಮನ ಕಡೆ ತಿರುಗಿದಳು.

"ಡಾಕ್ಟ್ರು ಏನಂದ್ರು ದ್ಯಾವಮ್ಮತ್ತೆ?"

"ಒಂದು ತಿಂಗಳು. ಜಾಸ್ತಿ ಅಂದ್ರೆ ಎರಡು."

"ನಂಗೆ ಹೇಳಕ್ಕೇನಾಗಿತ್ತು? ಉಳೀತಿರ್ಲಿಲ್ವಾ ನಾನು?"

"ಉಳೀತಿದ್ದೆ ಕಣೆ. ಉಳ್ಕೊಂಡು ದಿನಾ ನನ್ಮುಖ ನೋಡಿ ಅಳ್ತಿದ್ದೆ. ಪಾಸ್‌ಪೋರ್ಟ್ ಕಳ್ದೋದ್ರೆ ಬರೀ ಬೈಕೊಂಡು ಓಡಾಡ್ತಿದ್ದೆ. ಬೈಗುಳ ಕೇಳ್ಕೊಂಡು ಸಾಯ್ಬೇಕು ಅಂತಿತ್ತು, ಅಳು ಕೇಳ್ಕೊಂಡಲ್ಲ."

1.50ಕ್ಕೆ ಬಂಧನ. ಕೇಸ್ ಬೇಡ ಎಂದು ಝೀನತ್ ಹೇಳಿದಳು. ದಾಖಲಾದ ಎಫ್‌ಐಆರ್ ಹರಿಯಲು ಬರುವುದಿಲ್ಲ, ಕೋರ್ಟಿನಲ್ಲೇ ಹೇಳಿಕೊಳ್ಳಬೇಕು ಎಂದಳು ಶಾಂತಕುಮಾರಿ. ಬಂಧನದ ವಿಷಯ ಯಾರಿಗೆ ತಿಳಿಸಬೇಕೆಂದು ಕೇಳಿದಾಗ ದ್ಯಾವಮ್ಮ ಸುತ್ತಲೂ ನೋಡಿದಳು. ಹೊರನಾಡಿನಲ್ಲಿ ನೆಂಟರು ಎಂಬವರು ಯಾರೂ ಇರಲಿಲ್ಲ. "ಇವ್ಳಿಗೇ ತಿಳ್ಸಿ," ಎಂದಳು.

ವೈದ್ಯಕೀಯ ತಪಾಸಣೆ ಮುಗಿಸಿ ಸಂಜೆ 4.15ಕ್ಕೆ ಮೂಡಿಗೆರೆ ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಕಾಯಿಲೆ ನೋಡಿ ನ್ಯಾಯಾಧೀಶರು ಜಾಮೀನು ಕೊಟ್ಟರು. ಜಾಮೀನು ನಿಂತವಳು ದೂರುದಾರಳೇ. ಅಂಥದ್ದನ್ನು ಕೋರ್ಟಿನ ಗುಮಾಸ್ತರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಜಪ್ತಿಯಾದ ಪಾಸ್‌ಪೋರ್ಟ್ ಈಗ ಕೋರ್ಟಿನ ವಶದಲ್ಲಿತ್ತು. ಬಿಡಿಸಿಕೊಳ್ಳಲು ಅರ್ಜಿ ಹಾಕಬೇಕು. ಅಶ್ಫಾಕ್ ಅಷ್ಟರಲ್ಲಿ ವಕೀಲರಿಂದ ಬರೆಸಿ ತಂದಿದ್ದ. "ಇವತ್ತೇ ಕೊಟ್ರೆ ನಾಳೆ ಮಧ್ಯಾಹ್ನದೊಳಗೆ ಸಿಗ್ಬಹುದು," ಎಂದಳು ಶಾಂತಕುಮಾರಿ.

ಝೀನತ್ ಪೆನ್ನು ಹಿಡಿದಳು. ಕೋರ್ಟಿನ ಅಂಗಳದ ಕಲ್ಲುಬೆಂಚಿನ ಮೇಲೆ ದ್ಯಾವಮ್ಮ ಕುಳಿತಿದ್ದಳು, ಇತ್ತ ನೋಡದೆ.

"ಅರ್ಜಿ ಹಾಕದಿದ್ರೆ?"

"ಹಾಕೋವರೆಗೂ ಇಲ್ಲೇ ಇರುತ್ತೆ."

ಝೀನತ್ ಪೆನ್ನಿನ ಮುಚ್ಚಳ ಹಾಕಿ ಗಂಡನ ಕೈಗೆ ಕೊಟ್ಟಳು. "ನೀವು ಹೋಗ್ಬನ್ನಿ," ಎಂದಳು. ಅಶ್ಫಾಕ್ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅವಳು ಸೀದಾ ಬೆಂಚಿನ ಹತ್ತಿರ ಹೋಗಿ, ಮಾತ್ರೆ ನುಂಗಿದ್ದೀರೋ ಇಲ್ಲವೋ ಎಂದು ಊರೇ ಕೇಳುವಂತೆ ಬೈಯತೊಡಗಿದಳು.